ಯಾಹೂ, ಎಒಎಲ್ ಸೇರಿ ‘ಓತ್’ ಆದದ್ದು ಹೇಗೆ, ಬಿಡಿಬಿಡಿಯಾದದ್ದು ಏಕೆ

2017ರ ಜೂನ್ 13ರಂದು ಅಮೆರಿಕದ ಮೊಬೈಲ್ ಕಂಪನಿ ವೆರಿಜಾನ್ ಯಾಹೂ ಖರೀದಿಯನ್ನು ಮುಗಿಸಿತು. ಎರಡು ವರ್ಷ ಮೊದಲೇ ಕೊಂಡಿದ್ದ ಹಳೆಯ ಇಂಟರ್ನೆಟ್ ಕಂಪನಿ ಎಒಎಲ್ ಜೊತೆ ಅದನ್ನು ಕೂಡಿಸಿ ‘ಓತ್’ ಎಂಬ ಅಂಗಸಂಸ್ಥೆ ಕಟ್ಟಿತು. ಓತ್ ಅಂದರೆ ಪ್ರಮಾಣ, ಆಣೆ. ಯಾಹೂ ಮೇಲ್, ಯಾಹೂ ಫೈನಾನ್ಸ್, ಹಫ್‌ಪೋಸ್ಟ್, ಟೆಕ್‌ಕ್ರಂಚ್, ಎನ್‌ಗ್ಯಾಜೆಟ್, ಟಂಬ್ಲರ್, ಫ್ಲಿಕರ್, ಮ್ಯಾಪ್‌ಕ್ವೆಸ್ಟ್ ಹೀಗೆ ಐವತ್ತಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಒಂದೇ ಸೂರಿನಡಿ ಬಂದವು. ಹತ್ತೊಂಬತ್ತು ತಿಂಗಳಿಗೆ ಆ ಹೆಸರು ಹೋಯಿತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಇಡೀ ಸಂಸ್ಥೆಯೇ ಮಾರಾಟವಾಯಿತು.

ಹಳೇ ಹೆಸರುಗಳನ್ನು ದುಬಾರಿಗೆ ಕೊಂಡು ಕೈಸುಟ್ಟುಕೊಂಡರು ಎಂದು ಇದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. ಅಷ್ಟು ಹೇಳಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ವೆರಿಜಾನ್ ಹಣ ಸುರಿದದ್ದು ಆ ಹೆಸರುಗಳ ಹಿಂದಿದ್ದ ಲಾಗಿನ್‌ಗಳಿಗಾಗಿ. ತನ್ನ ಸಿಮ್ ಬಳಸುವವರು ಯಾರು ಎಂಬ ದಾಖಲೆಯನ್ನೂ ಆ ಲಾಗಿನ್‌ಗಳನ್ನೂ ಜೋಡಿಸಿದರೆ ಜಾಹೀರಾತಿನಲ್ಲಿ ಗೂಗಲ್, ಫೇಸ್‌ಬುಕ್‌ಗಳ ಎದುರು ಮೂರನೆಯವರಾಗಿ ನಿಲ್ಲಬಹುದು ಎಂಬುದು ಲೆಕ್ಕ. ಆ ಬೆಸುಗೆಯೇ ಕೂಡಲಿಲ್ಲ. ಯಾಕೆ ಎಂಬುದನ್ನು ಬಿಡಿಸಿ ನೋಡೋಣ.

ಕೊಳಾಯಿ ಹಾಕಿದವರ ಸಂಕಟ

2015ರ ಹೊತ್ತಿಗೆ ವೆರಿಜಾನ್‌ಗೆ ಹತ್ತು ಕೋಟಿಗೂ ಹೆಚ್ಚು ಮೊಬೈಲ್ ಸಂಪರ್ಕಗಳಿದ್ದವು. ಅಮೆರಿಕದಲ್ಲಿ ಫೋನ್ ಇಲ್ಲದ ಹೊಸ ಗಿರಾಕಿ ಸಿಗುವುದು ಕಷ್ಟವಾಗಿತ್ತು. ಟವರ್, ಕೇಬಲ್, ತರಂಗಾಂತರದ ಖರ್ಚೆಲ್ಲ ಟೆಲಿಕಾಂ ಕಂಪನಿಯದು. ಆ ಕೊಳಾಯಿಯಲ್ಲಿ ಹರಿಯುವ ವಿಡಿಯೊ, ಸುದ್ದಿ, ಹುಡುಕಾಟಗಳ ಪಕ್ಕದ ಜಾಹೀರಾತಿನ ಹಣ ಮಾತ್ರ ಬೇರೆಯವರ ಜೇಬಿಗೆ. ನೀರಿನಲ್ಲೂ ಪಾಲು ಬೇಕು ಎಂಬ ಆಸೆ ಟೆಲಿಕಾಂ ಕಂಪನಿಗಳಿಗೆ ಆಗಾಗ ಹುಟ್ಟುತ್ತದೆ. ಇನ್ನೊಂದು ಟೆಲಿಕಾಂ ಕಂಪನಿ ಎಟಿ ಅಂಡ್ ಟಿ 2018ರಲ್ಲಿ ಸಿನಿಮಾ, ಟಿವಿಯ ಟೈಮ್ ವಾರ್ನರ್ ಕೊಂಡದ್ದು ಇದೇ ಆಸೆಯಿಂದ. ನಮ್ಮಲ್ಲಿ ಅದೇ ವರ್ಷ ಜಿಯೊ ತನ್ನ ಸಂಗೀತ ಆ್ಯಪ್ ಜೊತೆ ಸಾವನ್ ಸೇರಿಸಿ ಜಿಯೊಸಾವನ್ ಮಾಡಿತು. ಅದು ಇದೇ ಜಾತಿಯ, ತುಂಬ ಚಿಕ್ಕ ಅಳತೆಯ ಪ್ರಯತ್ನ.

ವೆರಿಜಾನ್ 2015ರ ಮೇ 12ರಂದು ಎಒಎಲ್ ಖರೀದಿ ಘೋಷಿಸಿ ಜೂನ್ 23ಕ್ಕೆ ಮುಗಿಸಿತು. ಷೇರಿಗೆ 50 ಡಾಲರ್, ಒಟ್ಟು 440 ಕೋಟಿ ಡಾಲರ್. ಫೋನ್ ತಂತಿಯಿಂದ ಇಂಟರ್ನೆಟ್ ಪಡೆಯುತ್ತಿದ್ದ ಡಯಲ್-ಅಪ್ ಮೋಡೆಮ್‌ನ ಕಾಲದ ಕಂಪನಿಗೆ ಇಷ್ಟೇಕೆ ಎಂದು ಆಗ ಹಲವರು ಕೇಳಿದ್ದರು. ಎಒಎಲ್‌ಗೆ ಇನ್ನೂ ಸುಮಾರು ಇಪ್ಪತ್ತು ಲಕ್ಷ ಡಯಲ್-ಅಪ್ ಚಂದಾದಾರರಿದ್ದದ್ದು ನಿಜ. ಆದರೆ ಗೂಗಲ್‌ನಿಂದ ಬಂದು 2009ರಿಂದ ಎಒಎಲ್ ನಡೆಸುತ್ತಿದ್ದ ಟಿಮ್ ಆರ್ಮ್‌ಸ್ಟ್ರಾಂಗ್ ಅಷ್ಟರಲ್ಲಿ ಅದನ್ನು ಜಾಹೀರಾತು ತಂತ್ರಜ್ಞಾನದ ಕಂಪನಿಯಾಗಿ ತಿರುಗಿಸಿದ್ದರು. 2013ರಲ್ಲಿ ವಿಡಿಯೊ ಜಾಹೀರಾತು ಮಾರುವ ಅಡಾಪ್ ಟಿವಿಯನ್ನು 40.5 ಕೋಟಿ ಡಾಲರ್‌ಗೆ ಕೊಂಡಿದ್ದರು. ವೆರಿಜಾನ್ ಕೈಗೆ ಬಂದ ಮೇಲೆ, 2015ರಲ್ಲೇ, ಮೊಬೈಲ್ ಜಾಹೀರಾತಿನ ಮಿಲೆನಿಯಲ್ ಮೀಡಿಯಾ ಸೇರಿತು.

ಎಒಎಲ್ ಹೆಸರಿಗೆ ವಿಲೀನದ ವಿಷಯದಲ್ಲಿ ಒಂದು ಹಳೆಯ ಕಳಂಕವಿದೆ. 2000ದ ಜನವರಿಯಲ್ಲಿ ಅದು ಟೈಮ್ ವಾರ್ನರ್ ಜೊತೆಗಿನ ವಿಲೀನ ಘೋಷಿಸಿತ್ತು. 2002ರಲ್ಲಿ ಆ ಜಂಟಿ ಕಂಪನಿ ತೋರಿಸಿದ ನಷ್ಟ ಸುಮಾರು 9,870 ಕೋಟಿ ಡಾಲರ್. ಕೊಳಾಯಿಯವರೂ ಮಾಧ್ಯಮದವರೂ ಒಂದಾದರೆ ಏನಾಗಬಹುದು ಎಂಬುದಕ್ಕೆ ಅಷ್ಟು ದೊಡ್ಡ ಉದಾಹರಣೆ ಇನ್ನೊಂದಿಲ್ಲ.

ಯಾಹೂವಿನಲ್ಲಿ ಕೊಂಡದ್ದು ಯಾವುದು, ಬಿಟ್ಟದ್ದು ಯಾವುದು

ಇಲ್ಲಿ ಗೊಂದಲ ಹೆಚ್ಚು. ‘ಯಾಹೂ’ ಎಂಬ ಷೇರು ಕಂಪನಿ ಪೂರ್ತಿಯಾಗಿ ವೆರಿಜಾನ್‌ಗೆ ಬರಲಿಲ್ಲ. ಆ ಕಂಪನಿಯೊಳಗೆ ಎರಡು ಬಗೆಯ ಆಸ್ತಿಗಳಿದ್ದವು. ಒಂದು, ಮೇಲ್, ಹುಡುಕಾಟ, ಸುದ್ದಿ, ಜಾಹೀರಾತುಗಳ ನಡೆಯುವ ವ್ಯವಹಾರ. ಇನ್ನೊಂದು, ಚೀನಾದ ಅಲಿಬಾಬಾದಲ್ಲಿದ್ದ ಸುಮಾರು ಶೇ 15ರಷ್ಟು ಮತ್ತು ಯಾಹೂ ಜಪಾನ್‌ನಲ್ಲಿದ್ದ ಮೂರನೇ ಒಂದಕ್ಕಿಂತ ತುಸು ಹೆಚ್ಚಿನ ಪಾಲು. ಈ ಷೇರುಗಳ ಬೆಲೆ ನಡೆಯುವ ವ್ಯವಹಾರದ ಬೆಲೆಗಿಂತ ಎಷ್ಟೋ ಪಟ್ಟು ದೊಡ್ಡದು.

ಯಾಹೂ ಮೊದಲು ಅಲಿಬಾಬಾ ಪಾಲನ್ನೇ ಬೇರೆ ಕಂಪನಿಯಾಗಿ ಬೇರ್ಪಡಿಸಲು ಹೊರಟಿತ್ತು. ಹಾಗೆ ಮಾಡಿದರೆ ತೆರಿಗೆ ಬೀಳುವುದಿಲ್ಲ ಎಂದು ಮುಂಗಡ ಭರವಸೆ ಕೊಡಲು ಅಮೆರಿಕದ ತೆರಿಗೆ ಇಲಾಖೆ 2015ರಲ್ಲಿ ಒಪ್ಪಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ಯೋಜನೆ ತಲೆಕೆಳಗಾಯಿತು: ಷೇರುಗಳನ್ನು ಹಳೆಯ ಚಿಪ್ಪಿನಲ್ಲೇ ಉಳಿಸಿಕೊಂಡು, ನಡೆಯುವ ವ್ಯವಹಾರವನ್ನು ಹೊರಗೆ ಹಾಕುವುದು. ಅದನ್ನೇ ವೆರಿಜಾನ್ 2016ರ ಜುಲೈ 25ರಂದು 483 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಿದ್ದು. ಉಳಿದ ಚಿಪ್ಪು ‘ಅಲ್ಟಾಬಾ’ ಎಂದು ಹೆಸರು ಬದಲಿಸಿಕೊಂಡಿತು. 2008ರಲ್ಲಿ ಇಡೀ ಯಾಹೂಗೆ ಮೈಕ್ರೋಸಾಫ್ಟ್ 4,460 ಕೋಟಿ ಡಾಲರ್ ಕೊಡಲು ಬಂದಿತ್ತು, ಯಾಹೂ ಬೇಡವೆಂದಿತ್ತು. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಗೋಳಾಡುವವರು ಈ ವ್ಯತ್ಯಾಸ ಮರೆಯುತ್ತಾರೆ. ಮೈಕ್ರೋಸಾಫ್ಟ್ ಬೆಲೆಯಲ್ಲಿ ಅಲಿಬಾಬಾ ಪಾಲೂ ಸೇರಿತ್ತು, ವೆರಿಜಾನ್ ಬೆಲೆಯಲ್ಲಿ ಇರಲಿಲ್ಲ.

ಕಳುವಾದ ಬೀಗದಕೈ, ಇಳಿದ ಬೆಲೆ

ಒಪ್ಪಂದಕ್ಕೆ ಸಹಿ ಬಿದ್ದು ಎರಡು ತಿಂಗಳಾಗುವಷ್ಟರಲ್ಲಿ, ಸೆಪ್ಟೆಂಬರ್ 22ರಂದು, 2014ರಲ್ಲಿ 50 ಕೋಟಿ ಖಾತೆಗಳ ಮಾಹಿತಿ ಕಳುವಾಗಿದೆ ಎಂದು ಯಾಹೂ ಪ್ರಕಟಿಸಿತು. ಡಿಸೆಂಬರ್ 14ರಂದು ಇನ್ನೊಂದು ಪ್ರಕಟಣೆ: 2013ರ ಆಗಸ್ಟ್‌ನಲ್ಲಿ ಬೇರೆಯದೇ ಒಂದು ಕಳ್ಳತನ ನಡೆದಿತ್ತು, ಅದರಲ್ಲಿ 100 ಕೋಟಿ ಖಾತೆಗಳು. 2017ರ ಅಕ್ಟೋಬರ್‌ನಲ್ಲಿ, ಖರೀದಿ ಮುಗಿದ ಮೇಲೆ, ಈ ಎರಡನೆಯ ಸಂಖ್ಯೆಯನ್ನು 300 ಕೋಟಿಗೆ ತಿದ್ದಲಾಯಿತು. ಅಂದರೆ ಆಗಿದ್ದ ಎಲ್ಲ ಖಾತೆಗಳೂ.

2013ರಲ್ಲಿ ಹೋದ ಪಾಸ್‌ವರ್ಡ್‌ಗಳಿಗೆ ಎಂಡಿ5 ಎಂಬ ಹಳೆಯ ವಿಧಾನದ ಮುಸುಕು ಹಾಕಿದ್ದರು. ಅದನ್ನು ಒಡೆಯುವುದು ಅಷ್ಟೊತ್ತಿಗಾಗಲೇ ಸುಲಭವಾಗಿತ್ತು. ಅದಕ್ಕಿಂತ ಕೆಟ್ಟದ್ದು ನಕಲಿ ಕುಕಿ. ನಾವು ಒಮ್ಮೆ ಲಾಗಿನ್ ಆದರೆ ಬ್ರೌಸರ್‌ನಲ್ಲಿ ಒಂದು ಚೀಟಿ ಕೂರುತ್ತದೆ, ಮುಂದಿನ ಸಲ ಅದನ್ನು ತೋರಿಸಿದರೆ ಪಾಸ್‌ವರ್ಡ್ ಕೇಳುವುದಿಲ್ಲ. ಆ ಚೀಟಿ ತಯಾರಿಸುವ ಕೋಡ್ ಕೂಡ ಕಳ್ಳರಿಗೆ ಸಿಕ್ಕಿತ್ತು. ಪಾಸ್‌ವರ್ಡ್ ಗೊತ್ತಿಲ್ಲದೆಯೂ ಖಾತೆ ತೆರೆಯಬಹುದಿತ್ತು.

ಲಾಗಿನ್‌ಗಳನ್ನೇ ಕೊಳ್ಳಲು ಹೊರಟವರಿಗೆ ಇದು ಪಾಯಕ್ಕೆ ಬಿದ್ದ ಬಿರುಕು. 2017ರ ಫೆಬ್ರುವರಿಯಲ್ಲಿ ಬೆಲೆಯಿಂದ 35 ಕೋಟಿ ಡಾಲರ್ ಇಳಿಸಿ ಸುಮಾರು 448 ಕೋಟಿಗೆ ಒಪ್ಪಂದ ತಿದ್ದಿದರು. ಎಲ್ಲರ ಗಮನ ಆ 35 ಕೋಟಿಯ ಮೇಲಿತ್ತು. ನನ್ನ ದೃಷ್ಟಿಯಲ್ಲಿ ಹೊಣೆ ಹಂಚಿಕೊಂಡ ಶರತ್ತೇ ಹೆಚ್ಚು ತೂಕದ್ದು. ಷೇರು ನಿಯಂತ್ರಕರ ತನಿಖೆ ಮತ್ತು ಷೇರುದಾರರ ದಾವೆಗಳ ಹೊರೆ ಪೂರ್ತಿ ಹಳೆಯ ಯಾಹೂ, ಅಂದರೆ ಅಲ್ಟಾಬಾದ ಮೇಲೆ. ಬಳಕೆದಾರರ ದಾವೆಗಳು ಹಾಗೂ ಸರ್ಕಾರದ ಉಳಿದ ತನಿಖೆಗಳಿಂದ ಬರುವ ನಗದು ಖರ್ಚು ಅರ್ಧ ಅರ್ಧ. 2018ರ ಏಪ್ರಿಲ್‌ನಲ್ಲಿ ಷೇರು ನಿಯಂತ್ರಕರು ಹಾಕಿದ 3.5 ಕೋಟಿ ಡಾಲರ್ ದಂಡ ಅಲ್ಟಾಬಾದ ಕಿಸೆಯಿಂದ ಹೋಯಿತು. ಬಳಕೆದಾರರ ಸಾಮೂಹಿಕ ದಾವೆ ಕೊನೆಗೆ 11.75 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಕಂಪನಿ ಕೊಳ್ಳುವಾಗ ಗೊತ್ತಿಲ್ಲದ ಸಾಲಕ್ಕೆ ಯಾರು ಹೊಣೆ ಎಂದು ಬರೆದಿಡುವ ಇಂಥ ಒಂದು ಪುಟ ಎಷ್ಟೋ ಸಲ ಬೆಲೆಗಿಂತ ಮುಖ್ಯವಾಗುತ್ತದೆ.

ಎರಡು ಮಂಡಿ, ಎರಡು ತಕ್ಕಡಿ

ಈಗ ಬೆಸುಗೆಯ ವಿಷಯಕ್ಕೆ ಬರೋಣ. ಎಪಿಎಂಸಿ ಹರಾಜನ್ನು ನೋಡಿದವರಿಗೆ ಆನ್‌ಲೈನ್ ಜಾಹೀರಾತಿನ ವ್ಯವಸ್ಥೆ ಅರ್ಥವಾಗುವುದು ಕಷ್ಟವಲ್ಲ. ನೀವು ಒಂದು ಪುಟ ತೆರೆಯುತ್ತೀರಿ. ಆ ಪುಟದಲ್ಲಿನ ಖಾಲಿ ಜಾಗವನ್ನು ಪುಟದ ಮಾಲೀಕರ ಪರವಾಗಿ ಒಂದು ಸಾಫ್ಟ್‌ವೇರ್ ಹರಾಜಿಗೆ ಇಡುತ್ತದೆ. ಜಾಹೀರಾತುದಾರರ ಪರವಾಗಿ ಇನ್ನೊಂದು ಬಗೆಯ ಸಾಫ್ಟ್‌ವೇರ್ ಬೆಲೆ ಕೂಗುತ್ತದೆ. ಪುಟ ತೆರೆದುಕೊಳ್ಳುವ ಮುನ್ನವೇ, ಒಂದು ಸೆಕೆಂಡಿಗಿಂತ ಬಹಳ ಕಡಿಮೆ ಅವಧಿಯಲ್ಲಿ ಹರಾಜು ಮುಗಿದಿರುತ್ತದೆ. ಕೂಗುವವನಿಗೆ ಬೇಕಾದ ಸಂಗತಿ ಒಂದೇ, ಪುಟ ತೆರೆದವರು ಯಾರು. ಕಾರು ಹುಡುಕುತ್ತಿರುವವರೋ, ಮದುವೆಯ ಸಿದ್ಧತೆಯಲ್ಲಿರುವವರೋ, ಸುಮ್ಮನೆ ಸ್ಕೋರ್ ನೋಡಲು ಬಂದವರೋ. ಅದು ಗೊತ್ತಿದ್ದಷ್ಟೂ ಬೆಲೆ ಏರುತ್ತದೆ.

ಓತ್ ಕೈಯಲ್ಲಿ ಇಂಥ ಎರಡು ಪೂರ್ತಿ ಮಂಡಿಗಳು ಇದ್ದವು. ಎಒಎಲ್ ಕಡೆಯಿಂದ ‘ಒನ್’ ಎಂಬ ವೇದಿಕೆ, ಅದರೊಳಗೆ ಅಡಾಪ್ ಟಿವಿ, ಮಿಲೆನಿಯಲ್ ಮೀಡಿಯಾ ಮುಂತಾದವುಗಳ ತುಂಡುಗಳು. ಯಾಹೂ ಕಡೆಯಿಂದ ಹುಡುಕಾಟ ಮತ್ತು ಸುದ್ದಿಪಟ್ಟಿಯ ಜಾಹೀರಾತಿಗೆ ಜೆಮಿನೈ, 2014ರಲ್ಲಿ 64 ಕೋಟಿ ಡಾಲರ್‌ಗೆ ಕೊಂಡ ವಿಡಿಯೊ ಜಾಹೀರಾತಿನ ಬ್ರೈಟ್‌ರೋಲ್, ಮೊಬೈಲ್ ಆ್ಯಪ್‌ಗಳ ಬಳಕೆ ಅಳೆಯುವ ಫ್ಲರಿ. ಇವಕ್ಕೆಲ್ಲ ಬೇರೆ ಬೇರೆ ತಕ್ಕಡಿ, ಬೇರೆ ಬೇರೆ ಖಾತೆ ಪುಸ್ತಕ.

ಇದರಿಂದ ಏನು ಕೆಡುತ್ತದೆ? ಒಂದು ಸೋಪಿನ ಕಂಪನಿ ಒಬ್ಬ ವ್ಯಕ್ತಿಗೆ ದಿನಕ್ಕೆ ಮೂರೇ ಸಲ ಜಾಹೀರಾತು ತೋರಿಸಿ ಎಂದು ಹೇಳಿದೆ ಎನ್ನಿ. ಯಾಹೂ ಮೇಲ್‌ನಲ್ಲೂ ಹಫ್‌ಪೋಸ್ಟ್‌ನಲ್ಲೂ ಓಡಾಡುವ ಒಬ್ಬಳೇ ಓದುಗಳನ್ನು ಎರಡು ಮಂಡಿಗಳು ಇಬ್ಬರೆಂದು ಎಣಿಸುತ್ತವೆ. ಅವಳಿಗೆ ಆರು ಸಲ ಜಾಹೀರಾತು ಕಾಣುತ್ತದೆ, ಸೋಪಿನವನು ಎರಡು ಪಟ್ಟು ದುಡ್ಡು ತೆರುತ್ತಾನೆ, ಎಷ್ಟು ಜನರನ್ನು ತಲುಪಿದೆ ಎಂಬ ವರದಿಯೂ ಉಬ್ಬಿರುತ್ತದೆ. ‘ಕಾರು ಕೊಳ್ಳಲು ಹೊರಟವರು’ ಎಂಬ ಪಟ್ಟಿಗೆ ಒಂದು ಕಡೆ ಕಳೆದ ಮೂವತ್ತು ದಿನದ ಓದು ಆಧಾರವಾದರೆ, ಇನ್ನೊಂದು ಕಡೆ ಹದಿನಾಲ್ಕು ದಿನದ್ದು ಇರಬಹುದು. ಇಂಥ ಎರಡು ಪಟ್ಟಿಗಳನ್ನು ಸುಮ್ಮನೆ ಕೂಡಿಸಲು ಬರುವುದಿಲ್ಲ.

ಜೋಡಿಸುವ ಕೆಲಸದ ಕ್ರಮ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಯಾವ ವೇದಿಕೆ ಉಳಿಯಬೇಕು ಎಂದು ತೀರ್ಮಾನಿಸಬೇಕು. ಹಳೆಯದರ ಗುರುತಿನ ಸಂಖ್ಯೆಗಳನ್ನು ಹೊಸದರದಕ್ಕೆ ಹೊಂದಿಸುವ ಕೋಷ್ಟಕ ಕಟ್ಟಬೇಕು. ಸಾವಿರಾರು ಪುಟಗಳಲ್ಲಿ ಕೂತಿರುವ ಜಾಹೀರಾತಿನ ಕೋಡ್ ತುಣುಕುಗಳನ್ನು ಬದಲಿಸಬೇಕು. ಕೆಲವು ತಿಂಗಳು ಎರಡನ್ನೂ ಒಟ್ಟಿಗೆ ಓಡಿಸಿ ಲೆಕ್ಕ ತಾಳೆ ನೋಡಬೇಕು. ಆಮೇಲೆ ಜಾಹೀರಾತುದಾರರನ್ನು ಒಬ್ಬೊಬ್ಬರನ್ನಾಗಿ ದಾಟಿಸಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಯಾರೂ ಇದಕ್ಕೆ ಕೈಹಾಕುವುದಿಲ್ಲ, ಕ್ರಿಸ್‌ಮಸ್ ಮಾರಾಟದ ಹೊತ್ತಿನಲ್ಲಿ ಹರಾಜು ನಿಂತರೆ ವರ್ಷದ ಲಾಭವೇ ಹೋಗುತ್ತದೆ. ಹಾಗಾಗಿ ಕ್ಯಾಲೆಂಡರ್‌ನಲ್ಲಿ ಹನ್ನೆರಡು ತಿಂಗಳಿದ್ದರೂ ಕೆಲಸಕ್ಕೆ ಸಿಗುವುದು ಒಂಬತ್ತೇ. ಖರೀದಿ ಮುಗಿದದ್ದು 2017ರ ಜೂನ್‌ನಲ್ಲಿ. ಎಲ್ಲವನ್ನೂ ‘ಓತ್ ಆ್ಯಡ್ ಪ್ಲಾಟ್‌ಫಾರ್ಮ್ಸ್’ ಎಂಬ ಒಂದೇ ಹೆಸರಿನಡಿ ತಂದದ್ದು 2018ರ ಸೆಪ್ಟೆಂಬರ್‌ನಲ್ಲಿ.

ಈ ಅವಧಿಯಲ್ಲಿ ಇನ್ನೊಂದು ನಷ್ಟವೂ ಇದೆ, ಅದು ಯಾವ ಲೆಕ್ಕದಲ್ಲೂ ಪ್ರತ್ಯೇಕವಾಗಿ ಕಾಣುವುದಿಲ್ಲ. ಹೊಸ ವೇದಿಕೆ ಕಲಿಯಿರಿ ಎಂದು ಗಿರಾಕಿಗೆ ಹೇಳಿದ ದಿನವೇ ಆತ ಹೇಗೂ ಕಲಿಯಬೇಕಲ್ಲ, ಗೂಗಲ್‌ನದನ್ನೇ ಕಲಿತರಾಯಿತು ಎಂದುಕೊಳ್ಳುತ್ತಾನೆ. ಆಗ ಅಮೆರಿಕದ ಡಿಜಿಟಲ್ ಜಾಹೀರಾತಿನ ಅರ್ಧಕ್ಕಿಂತ ಹೆಚ್ಚು ಹಣ ಗೂಗಲ್, ಫೇಸ್‌ಬುಕ್ ಎರಡಕ್ಕೇ ಹೋಗುತ್ತಿತ್ತು.

ಸಿಮ್ ದಾಖಲೆ ಏಕೆ ಕೆಲಸಕ್ಕೆ ಬರಲಿಲ್ಲ

ಆದರೂ ವೆರಿಜಾನ್ ಬಳಿ ಯಾರಿಗೂ ಇಲ್ಲದ ದಾಖಲೆ ಇತ್ತಲ್ಲ? ಇತ್ತು. ಅದನ್ನು ಬಳಸುವ ಪ್ರಯತ್ನ 2012ರಷ್ಟು ಹಿಂದೆಯೇ ಶುರುವಾಗಿತ್ತು. ಗ್ರಾಹಕರ ಫೋನಿನಿಂದ ಹೊರಡುವ ಪ್ರತಿ ಕೋರಿಕೆಗೆ ಜಾಲದ ನಡುವೆಯೇ ಒಂದು ಗುರುತಿನ ಸಂಖ್ಯೆ ಅಂಟಿಸಲಾಗುತ್ತಿತ್ತು. ಬ್ರೌಸರ್‌ನಲ್ಲಿ ಕುಕಿ ಅಳಿಸಿದರೂ ಇದು ಹೋಗುತ್ತಿರಲಿಲ್ಲ, ಅದಕ್ಕೇ ಜನ ಇದನ್ನು ಸೂಪರ್‌ಕುಕಿ ಎಂದರು. 2016ರ ಮಾರ್ಚ್‌ನಲ್ಲಿ ಅಮೆರಿಕದ ಸಂಪರ್ಕ ಆಯೋಗ 13.5 ಲಕ್ಷ ಡಾಲರ್ ದಂಡ ಹಾಕಿ, ಹೊರಗಿನವರಿಗೆ ಈ ಗುರುತು ಕೊಡುವ ಮೊದಲು ಗ್ರಾಹಕರ ಒಪ್ಪಿಗೆ ಪಡೆಯಬೇಕೆಂದಿತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಆಯೋಗ ಇನ್ನೂ ಕಟ್ಟುನಿಟ್ಟಿನ ಗೋಪ್ಯತಾ ನಿಯಮ ತಂದಿತು. ಅಮೆರಿಕದ ಸಂಸತ್ತು ಅದನ್ನು ರದ್ದುಮಾಡಿತು. ರದ್ದತಿಗೆ ಅಧ್ಯಕ್ಷರ ಸಹಿ ಬಿದ್ದದ್ದು 2017ರ ಏಪ್ರಿಲ್ 3ರಂದು, ಓತ್ ಎಂಬ ಹೆಸರು ಬೆಳಕಿಗೆ ಬಂದದ್ದೂ ಅದೇ ದಿನ. ಕಾನೂನಿನ ಬಾಗಿಲು ತೆರೆದುಕೊಂಡಿತು ಅನ್ನಿಸಿತ್ತು. ಆದರೆ ತಂತ್ರಜ್ಞಾನದ ಬಾಗಿಲು ಅಷ್ಟರಲ್ಲಿ ಮುಚ್ಚುತ್ತಿತ್ತು. ಗೂಢಲಿಪೀಕರಿಸಿದ ಎಚ್‌ಟಿಟಿಪಿಎಸ್ ಪುಟಗಳಿಗೆ ಹೋಗುವ ಕೋರಿಕೆಯೊಳಗೆ ಟೆಲಿಕಾಂ ಕಂಪನಿ ಏನನ್ನೂ ಅಂಟಿಸಲಾಗದು. ಯಾವ ತಾಣಕ್ಕೆ ಹೋಗುತ್ತಿದ್ದಾರೆ ಎಂಬುದು ಕಾಣಬಹುದು, ಯಾವ ಪುಟ ಎಂಬುದು ಕಾಣದು. 2017ರ ಆರಂಭಕ್ಕೆ ಫೈರ್‌ಫಾಕ್ಸ್‌ನಲ್ಲಿ ತೆರೆದ ಪುಟಗಳಲ್ಲಿ ಅರ್ಧದಷ್ಟು ಎಚ್‌ಟಿಟಿಪಿಎಸ್ ಆಗಿದ್ದವು. ಆ ಸೆಪ್ಟೆಂಬರ್‌ನಲ್ಲಿ ಆ್ಯಪಲ್‌ನ ಸಫಾರಿ ಬ್ರೌಸರ್, ತಾಣದಿಂದ ತಾಣಕ್ಕೆ ಬಳಕೆದಾರರನ್ನು ಹಿಂಬಾಲಿಸುವ ಕುಕಿಗಳ ಮೇಲೆ ಇನ್ನೂ ಬಿಗಿ ನಿರ್ಬಂಧ ಹಾಕಿತು. 2018ರ ಮೇ 25ರಿಂದ ಯುರೋಪಿನಲ್ಲಿ ಜಿಡಿಪಿಆರ್ ಎಂಬ ಗೋಪ್ಯತಾ ಕಾನೂನು ಜಾರಿಗೆ ಬಂತು.

ಇನ್ನೂ ಸರಳವಾದ ಅಡಚಣೆಯೊಂದಿತ್ತು. ವೆರಿಜಾನ್‌ನ ಗ್ರಾಹಕರೆಲ್ಲ ಅಮೆರಿಕದಲ್ಲಿದ್ದಾರೆ. ಓತ್ ಹೇಳಿಕೊಳ್ಳುತ್ತಿದ್ದ 100 ಕೋಟಿ ಬಳಕೆದಾರರು ಜಗತ್ತಿನ ತುಂಬ ಹರಡಿದ್ದರು. ಹತ್ತು ಕೋಟಿ ಸಂಪರ್ಕಗಳು ಪೂರ್ತಿ ಹೊಂದಿಕೆಯಾದರೂ ಆ ಬಳಕೆದಾರರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯ ಬಗ್ಗೆ ಸಿಮ್ ದಾಖಲೆ ಏನನ್ನೂ ಹೇಳದು. ಖರೀದಿಗೆ ಮೊದಲೇ ಕಾಗದದ ಮೇಲೆ ಮಾಡಬಹುದಾಗಿದ್ದ ಲೆಕ್ಕ ಇದು, ಯಾಕೆ ಅದಕ್ಕೆ ತೂಕ ಸಿಗಲಿಲ್ಲ ಎಂದು ಬೇಸರವಾಗುತ್ತದೆ.

460 ಕೋಟಿ ಡಾಲರ್ ಎಲ್ಲಿ ಹೋಯಿತು

2018ರ ಡಿಸೆಂಬರ್ 11ರಂದು ವೆರಿಜಾನ್ ತನ್ನ ಮಾಧ್ಯಮ ವಿಭಾಗದ ಗುಡ್‌ವಿಲ್‌ನಿಂದ 460 ಕೋಟಿ ಡಾಲರ್ ಕಡಿದುಹಾಕುವುದಾಗಿ ತಿಳಿಸಿತು. ಗುಡ್‌ವಿಲ್ ಅಂದರೇನು? ಒಂದು ದರ್ಶಿನಿ ಹೋಟೆಲನ್ನು 50 ಲಕ್ಷಕ್ಕೆ ಕೊಂಡಿರೆನ್ನಿ. ಪಾತ್ರೆ, ಒಲೆ, ಕೌಂಟರ್, ಮುಂಗಡ ಬಾಡಿಗೆ ಎಲ್ಲ ಸೇರಿ 30 ಲಕ್ಷದ್ದು. ಉಳಿದ 20 ಲಕ್ಷ ಹೆಸರಿಗೆ, ರೂಢಿಯ ಗಿರಾಕಿಗಳಿಗೆ, ಮುಂದೆ ಬರುವ ಲಾಭದ ನಿರೀಕ್ಷೆಗೆ ಕೊಟ್ಟದ್ದು. ಆ 20 ಲಕ್ಷ ಲೆಕ್ಕದ ಪುಸ್ತಕದಲ್ಲಿ ಗುಡ್‌ವಿಲ್ ಎಂಬ ಆಸ್ತಿಯಾಗಿ ಕೂರುತ್ತದೆ. ಪ್ರತಿ ವರ್ಷ, ನಿರೀಕ್ಷೆ ಇನ್ನೂ ನಿಜವೇ ಎಂದು ಪರೀಕ್ಷಿಸಬೇಕು. ಅಲ್ಲ ಎಂದಾದರೆ ಅದನ್ನು ಇಳಿಸಿ ಆ ವರ್ಷದ ನಷ್ಟವಾಗಿ ತೋರಿಸಬೇಕು. ಆ ದಿನ ಕೈಯಿಂದ ನಗದು ಹೋಗುವುದಿಲ್ಲ, ನಗದು ಹೋದದ್ದು ಕೊಂಡ ದಿನವೇ.

ಮಾಧ್ಯಮ ವಿಭಾಗದ ಗುಡ್‌ವಿಲ್ ಅಲ್ಲಿಯವರೆಗೆ ಸುಮಾರು 480 ಕೋಟಿ ಡಾಲರ್ ಇತ್ತು. ಉಳಿದದ್ದು 20 ಕೋಟಿ ಮಾತ್ರ. ಕೊಟ್ಟ ಕಾರಣಗಳಲ್ಲಿ ಪೈಪೋಟಿಯ ಒತ್ತಡದ ಜೊತೆಗೆ, ಯಾಹೂ ಮತ್ತು ಎಒಎಲ್‌ಗಳನ್ನು ಒಗ್ಗೂಡಿಸಿದ್ದರಿಂದ ಅಂದುಕೊಂಡಷ್ಟು ಪ್ರಯೋಜನ ಸಿಗಲಿಲ್ಲ ಎಂಬ ನೇರ ಒಪ್ಪಿಗೆಯೂ ಇತ್ತು. 2020ರೊಳಗೆ 1,000 ಕೋಟಿಯಿಂದ 2,000 ಕೋಟಿ ಡಾಲರ್ ಆದಾಯ ಎಂಬ ಗುರಿ ಇತ್ತು. 2018ರಲ್ಲಿ ಬಂದದ್ದು 770 ಕೋಟಿ. ಇಡೀ ವೆರಿಜಾನ್‌ನ ಆದಾಯ ಆ ವರ್ಷ ಸುಮಾರು 13,100 ಕೋಟಿ ಡಾಲರ್, ಅಂದರೆ ಮಾಧ್ಯಮದ ಪಾಲು ನೂರಕ್ಕೆ ಆರು. ಆಡಳಿತ ಮಂಡಳಿಯ ಮುಂದೆ ಹೆಚ್ಚು ಹಣ ಕೇಳಲು ಈ ಪಾಲು ಸಾಲದು. ಎರಿಕ್ಸನ್‌ನಿಂದ ಬಂದ, ಜಾಲ ಕಟ್ಟುವುದರಲ್ಲಿ ಪಳಗಿದ ಹ್ಯಾನ್ಸ್ ವೆಸ್ಟ್‌ಬರ್ಗ್ 2018ರ ಆಗಸ್ಟ್‌ನಲ್ಲಿ ಸಿಇಒ ಆದಾಗಲೇ ಗಾಳಿ 5ಜಿ ಕಡೆ ತಿರುಗಿತ್ತು. ಅಕ್ಟೋಬರ್‌ನಲ್ಲಿ ಆರ್ಮ್‌ಸ್ಟ್ರಾಂಗ್ ಜಾಗಕ್ಕೆ ಗುರು ಗೌರಪ್ಪನ್ ಬಂದರು. 2019ರ ಜನವರಿಯಲ್ಲಿ ಓತ್ ಹೋಗಿ ‘ವೆರಿಜಾನ್ ಮೀಡಿಯಾ’ ಎಂಬ ಹೆಸರು ಬಂತು.

ಆಮೇಲೆ ಬಿಡಿಬಿಡಿ ಮಾರಾಟ. ಫ್ಲಿಕರ್ ಆಗಲೇ 2018ರ ಏಪ್ರಿಲ್‌ನಲ್ಲಿ ಸ್ಮಗ್‌ಮಗ್‌ಗೆ ಹೋಗಿತ್ತು. ಯಾಹೂ 110 ಕೋಟಿ ಡಾಲರ್ ಕೊಟ್ಟು ಕೊಂಡಿದ್ದ ಟಂಬ್ಲರ್ 2019ರಲ್ಲಿ ವರ್ಡ್‌ಪ್ರೆಸ್‌ನ ಆಟೊಮ್ಯಾಟಿಕ್‌ಗೆ ಹೋಯಿತು, ಬೆಲೆ 30 ಲಕ್ಷ ಡಾಲರ್‌ಗಿಂತ ಕಡಿಮೆ ಎಂದು ಪತ್ರಿಕೆಗಳು ವರದಿ ಮಾಡಿದವು. ಹಫ್‌ಪೋಸ್ಟ್ ಅನ್ನು ಬಜ್‌ಫೀಡ್ ತೆಗೆದುಕೊಂಡಿತು. 2021ರ ಆರಂಭದಲ್ಲಿ 5ಜಿ ತರಂಗಾಂತರದ ಹರಾಜಿನಲ್ಲಿ ವೆರಿಜಾನ್ 4,500 ಕೋಟಿ ಡಾಲರ್‌ಗೂ ಹೆಚ್ಚು ಬಿಡ್ ಕೂಗಿತು. ಅದಾಗಿ ಕೆಲವೇ ವಾರಗಳಲ್ಲಿ, ಮೇ 3ರಂದು, ಉಳಿದ ಮಾಧ್ಯಮ ವಿಭಾಗವನ್ನು ಅಪೋಲೊ ಎಂಬ ಹೂಡಿಕೆ ಸಂಸ್ಥೆಗೆ 500 ಕೋಟಿ ಡಾಲರ್‌ಗೆ ಮಾರುವ ಒಪ್ಪಂದವಾಯಿತು: 425 ಕೋಟಿ ನಗದು, 75 ಕೋಟಿ ಆದ್ಯತಾ ಪಾಲು, ಜೊತೆಗೆ ಶೇ 10 ಒಡೆತನ ವೆರಿಜಾನ್ ಬಳಿಯೇ. ಸೆಪ್ಟೆಂಬರ್ 1ಕ್ಕೆ ಮಾರಾಟ ಮುಗಿದಾಗ ಹೊಸ ಮಾಲೀಕರು ಇಟ್ಟ ಹೆಸರು ‘ಯಾಹೂ’. ಎಒಎಲ್‌ನ ಡಯಲ್-ಅಪ್ ಸೇವೆ 2025ರ ಸೆಪ್ಟೆಂಬರ್ 30ಕ್ಕೆ ನಿಂತಿತು, ಮರುತಿಂಗಳು ಇಟಲಿಯ ಬೆಂಡಿಂಗ್ ಸ್ಪೂನ್ಸ್ ಎಒಎಲ್ ಕೊಳ್ಳುವುದಾಗಿ ಪ್ರಕಟಿಸಿತು.

ನಮ್ಮ ಕಡೆ ಆದದ್ದು

ಬೆಂಗಳೂರಿನಲ್ಲಿ ಯಾಹೂಗೆ ದೊಡ್ಡ ಎಂಜಿನಿಯರಿಂಗ್ ಕೇಂದ್ರವಿತ್ತು. ಅದು ಕುಗ್ಗಿದ್ದು ವೆರಿಜಾನ್ ಬರುವುದಕ್ಕೂ ಮೊದಲು, 2014ರ ಅಕ್ಟೋಬರ್‌ನಲ್ಲಿ. ಯಾಹೂ ಕ್ರಿಕೆಟ್, ಯಾಹೂ ನ್ಯೂಸ್‌ಗಳ ಭಾರತೀಯ ಆವೃತ್ತಿ ನಿಂತದ್ದು 2021ರ ಆಗಸ್ಟ್ 26ರಂದು. ಅದಕ್ಕೆ ಕಾರಣ ಡಿಜಿಟಲ್ ಸುದ್ದಿ ಸಂಸ್ಥೆಗಳಲ್ಲಿ ವಿದೇಶಿ ಬಂಡವಾಳಕ್ಕೆ ಭಾರತ ಹಾಕಿದ ಶೇ 26ರ ಮಿತಿ, ಅದನ್ನು ಪಾಲಿಸಲು ಆ ಅಕ್ಟೋಬರ್‌ವರೆಗೆ ಗಡುವಿತ್ತು. ಮೇಲ್ ಮತ್ತು ಹುಡುಕಾಟ ಸುದ್ದಿಯಲ್ಲವಾದ್ದರಿಂದ ಉಳಿದವು. ಯಾಹೂ ಗ್ರೂಪ್ಸ್ ಮುಚ್ಚಿದ್ದು ಮಾತ್ರ ವೆರಿಜಾನ್ ಕಾಲದ ತೀರ್ಮಾನ. 2019ರ ಡಿಸೆಂಬರ್‌ನಲ್ಲಿ ಹಳೆಯ ಚರ್ಚೆಗಳನ್ನು ತಾಣದಿಂದ ತೆಗೆದಾಗ, ಕನ್ನಡಿಗರ ಗುಂಪುಗಳೂ ಸೇರಿ ವರ್ಷಗಟ್ಟಲೆ ನಡೆದ ಮಾತುಕತೆ ಇಳಿಸಿಕೊಳ್ಳದವರಿಗೆ ಇಲ್ಲವಾಯಿತು; 2020ರ ಡಿಸೆಂಬರ್ 15ರಂದು ಸೇವೆಯೇ ನಿಂತಿತು.

ಹಳೆಯ ಯಾಹೂ ಐಡಿ ಇನ್ನೂ ಇಟ್ಟುಕೊಂಡಿದ್ದರೆ ಮೊದಲು ಅದರ ಚೇತರಿಕೆಯ ಫೋನ್ ಸಂಖ್ಯೆ ನೋಡಿ. ಹದಿನೈದು ವರ್ಷದ ಹಿಂದಿನ ಸಂಖ್ಯೆ ಈಗ ಬೇರೆಯವರ ಕೈಯಲ್ಲಿರಬಹುದು, ಒಟಿಪಿ ಅವರಿಗೇ ಹೋಗುತ್ತದೆ. ಹನ್ನೆರಡು ತಿಂಗಳು ಲಾಗಿನ್ ಆಗದಿದ್ದರೆ ಅಂಚೆಪೆಟ್ಟಿಗೆಯಲ್ಲಿರುವುದೆಲ್ಲ ಅಳಿಸಿಹೋಗಬಹುದು, ಅಳಿಸಿದ್ದು ಮರಳಿ ಬರುವುದಿಲ್ಲ. ಉಚಿತ ಖಾತೆಯಿಂದ ಜಿಮೇಲ್‌ಗೆ ತಾನಾಗಿ ರವಾನೆಯಾಗುವ ಸೌಲಭ್ಯ 2021ರ ಜನವರಿ 1ರಿಂದಲೇ ಇಲ್ಲ. ಹಳೆಯ ಪತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಥಂಡರ್‌ಬರ್ಡ್‌ನಂಥ ಮೇಲ್ ತಂತ್ರಾಂಶವನ್ನು, ಸರ್ವರ್‌ನಲ್ಲಿರುವ ಪತ್ರಗಳೊಂದಿಗೆ ತಾಳೆಯಾಗಿರುವ ಐಮ್ಯಾಪ್ ವಿಧಾನದ ಮೂಲಕ, ಪೋರ್ಟ್ 993ರಲ್ಲಿ ಜೋಡಿಸಿ. ಹಳೆಯ ತಂತ್ರಾಂಶವಾದರೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ, ಖಾತೆಯ ಭದ್ರತೆ ಪುಟದಲ್ಲಿ ‘ಆ್ಯಪ್ ಪಾಸ್‌ವರ್ಡ್’ ಸೃಷ್ಟಿಸಿ ಅದನ್ನು ಹಾಕಬೇಕು. ಇಳಿಸಿಕೊಂಡ ಮೇಲೆ ಪತ್ರಗಳನ್ನು ತಂತ್ರಾಂಶದ ಸ್ಥಳೀಯ ಫೋಲ್ಡರ್‌ಗೆ ನಕಲು ಮಾಡಿ. ಐಮ್ಯಾಪ್ ಫೋಲ್ಡರ್‌ನಲ್ಲೇ ಬಿಟ್ಟರೆ ಸರ್ವರ್‌ನಲ್ಲಿ ಅಳಿಸಿದ ದಿನ ನಿಮ್ಮ ಕಂಪ್ಯೂಟರ್‌ನಿಂದಲೂ ಅವು ಮಾಯವಾಗುತ್ತವೆ.